ಚಾಕೊಲೇಟಿನಲ್ಲಿ ಅದ್ದಿದ ಏಲಕ್ಕಿಬಾಳೆ

ನನಗೆ ವಿಪರೀತ ಖುಷಿಯಾದಾಗ ಪಾತ್ರೆ ಒರೆಸುತ್ತೇನೆ. ಒರೆಸಿದ್ದನ್ನೇ ಮತ್ತೆ ಒರೆಸುತ್ತೇನೆ. ಬೇರೆಯವರಾದರೆ ಹಾಡುತ್ತಾರೆ, ಸಿಕ್ಕಿದವರಿಗೆಲ್ಲ ಫೋನ್ ಮಾಡಿ ಹೇಳುತ್ತಾರೆ. ನನ್ನಿಂದ ಅದಾಗದು. ಮನೆಗೆ ನಾಲ್ಕು ಜನ ಬಂದರೆ ನಾನು ಗೋಡೆಗೆ ಒರಗಿ ಸುಮ್ಮನೆ ನಿಲ್ಲುವವಳು. ಅದನ್ನು ಕಂಡ ಅಜ್ಜಿ, ‘ಬಾಯಲ್ಲಿ ಕಡ್ಬು ಮಡಿಕ್ಕಂಡಿದ್ದೀಯೇನಮ್ಮಿ?’ ಎಂದು ಎಲ್ಲರೆದುರೇ ಕೇಳುತ್ತಾಳೆ. ಹೀಗಿರುವಾಗ, ಅಕ್ಕನ ಸೀಮಂತದ ಹಿಂದಿನ ದಿನ ನಮ್ಮ ಅಡುಗೆಮನೆಯ ಸ್ಟೀಲ್ ಬೋಗುಣಿಯೊಂದು ಕನ್ನಡಿಯಂತೆ ಹೊಳೆಯುತ್ತಿತ್ತೆಂದರೆ, ನನ್ನ ಸಂಭ್ರಮ ಎಷ್ಟಿತ್ತೆಂದು ನೀವೇ ಊಹಿಸಿಕೊಳ್ಳಬೇಕು.

ಅಕ್ಕನಿಗೆ ಬಸಿರಾದಾಗಿನಿಂದ ಊಟ ಸೇರುತ್ತಿರಲಿಲ್ಲ. ಮಜ್ಜಿಗೆ ಅನ್ನ ಬಿಟ್ಟರೆ ಯಾವುದೂ ಹೊಟ್ಟೆಯಲ್ಲಿ ನಿಲ್ಲದು. ಅಮ್ಮ ನಮ್ಮೂರು ಬೇಗೂರಿನಿಂದ ಸಂತೆಮರಹಳ್ಳಿಯ ಅಕ್ಕನ ಗಂಡನ ಮನೆಗೆ ಡಬ್ಬಿಗಟ್ಟಲೆ ತಿಂಡಿ ಹೊತ್ತುಕೊಂಡು ಹೋಗಿ, ಮುಚ್ಚಳ ತೆಗೆಯದೆ ವಾಪಸು ತಂದದ್ದೂ ಉಂಟು. ಏನು ಕೇಳಿದರೂ ಅಕ್ಕ ‘ಏನೂ ಬ್ಯಾಡ’ ಎನ್ನುವಳು. ಒಂದು ಸಂಜೆ ಮಾತ್ರ ಫೋನಿನಲ್ಲಿ ದನಿ ತಗ್ಗಿಸಿ ನನಗೆ ಹೇಳಿದಳು: ‘ವಿಡಿಯೊದಲ್ಲಿ ನೋಡ್ದೆ ಕಣೆ. ಹಣ್ಣ ಚಾಕ್ಲೇಟಲ್ಲಿ ಅದ್ದಿ ಮಡಗಿರ್ತಾರೆ. ಅದೊಂದ ತಿನ್ಬೇಕು ಅನ್ನುಸ್ತದೆ. ಯಾರ್ಗೂ ಹೇಳ್ಬ್ಯಾಡ, ನಗ್ತಾರೆ.’

ಬಸುರಿಯ ಬಯಕೆ ತೀರದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆಂದು ಅಜ್ಜಿ ನಂಬಿದ್ದಾಳೆ. ನಾನು ರಸಾಯನಶಾಸ್ತ್ರ ಓದಿದವಳು. ಬಯಕೆಗೂ ಕಿವಿಗೂ ಸಂಬಂಧವಿಲ್ಲವೆಂದು ಬಲ್ಲೆ. ಆದರೂ ಆ ಫೋನ್ ಇಟ್ಟ ಮೇಲೆ, ಇನ್ನೂ ಹುಟ್ಟದ ಮಗುವಿನ ಎರಡು ಕಿವಿಗಳ ಜವಾಬ್ದಾರಿ ನನ್ನ ಹೆಗಲೇರಿದಂತಾಯಿತು. ಅಕ್ಕ ಏನನ್ನಾದರೂ ಬೇಕೆಂದು ಕೇಳಿ ಎಷ್ಟೋ ತಿಂಗಳಾಗಿತ್ತು. ಈಗ ಕೇಳಿದ್ದು ನನ್ನ ಹತ್ತಿರ. ಸೀಮಂತದ ದಿನ ಅವಳು ತಿನ್ನಬೇಕು, ತಿಂದದ್ದು ಒಳಗೆ ನಿಲ್ಲಬೇಕು. ನನಗೆ ಬೇಕಾದದ್ದು ಅಷ್ಟೇ.

ಹಣ್ಣು ಆರಿಸುವುದೇ ಒಂದು ಕಷ್ಟವಾಯಿತು. ವಿಡಿಯೊಗಳಲ್ಲಿ ಎಲ್ಲರೂ ಸ್ಟ್ರಾಬೆರಿ ಅದ್ದುತ್ತಾರೆ. ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ ಹುಡುಕಿದೆ. ಸಿಕ್ಕವು ಘಟ್ಟ ಇಳಿಯುವಷ್ಟರಲ್ಲೇ ಸುಸ್ತಾಗಿ ಕೂತಿದ್ದವು. ಪರಂಗಿ, ಅನಾನಸುಗಳ ಹೆಸರನ್ನು ಬಸುರಿಯ ಮನೆಯಲ್ಲಿ ಎತ್ತುವಂತೆಯೇ ಇಲ್ಲ. ಕೊನೆಗೆ ಉಳಿದದ್ದು ನಮ್ಮದೇ ತೋಟದ ಏಲಕ್ಕಿಬಾಳೆ. ಚಾಕೊಲೇಟನ್ನು ನಾನು ಕೆಲಸ ಮಾಡುವ ಚಾಮರಾಜನಗರದಲ್ಲಿ, ಕೇಕಿನ ಸಾಮಾನು ಮಾರುವ ಅಂಗಡಿಯಿಂದ ಕೊಂಡೆ: ಕಪ್ಪನೆಯದೊಂದು ಗಟ್ಟಿ, ಜೊತೆಗೆ ಬಿಳಿಯದೊಂದು ಚೂರು. ಬಸ್ಸಿನಲ್ಲಿ ಬಿಸಿಲು ಬೀಳದ ಕಡೆ ಕೂತು, ಅದನ್ನು ತೊಡೆಯ ಮೇಲೆ ಕೂಸಿನಂತೆ ಇಟ್ಟುಕೊಂಡು ಬಂದೆ. ಪಕ್ಕದ ಹೆಂಗಸು ಏನದು ಎಂದು ಕೇಳಿದರು. ‘ಪುಸ್ತಕ’ ಎಂದೆ.

ಯೋಚಿಸಿದರೆ ಇದರಲ್ಲಿ ಹೊಸದೇನೂ ಇಲ್ಲ. ಬಾಳೆಹಣ್ಣಿಗೆ ಜೇನು, ತುಪ್ಪ, ಸಕ್ಕರೆ ಸುರಿದು ಪಂಚಾಮೃತ ಮಾಡುತ್ತಲೇ ಬಂದವರು ನಾವು. ಚಾಕೊಲೇಟೂ ಮೂಲದಲ್ಲಿ ಒಂದು ಹಣ್ಣಿನ ಬೀಜವೇ. ಆ ಗಿಡಕ್ಕೆ ಸಸ್ಯಶಾಸ್ತ್ರದವರು ಇಟ್ಟ ಹೆಸರಿನ ಅರ್ಥ ‘ದೇವರ ಆಹಾರ’ ಎಂದು ಎಲ್ಲೋ ಓದಿದ್ದೆ. ಒಳ್ಳೆಯ ಹೆಸರು ಎಂದುಕೊಂಡು ಸುಮ್ಮನಾಗಿದ್ದೆ. ಅದನ್ನೊಂದು ಎಚ್ಚರಿಕೆಯಾಗಿ ತೆಗೆದುಕೊಳ್ಳಬೇಕಿತ್ತು.

ಇಡ್ಲಿ ಪಾತ್ರೆಯಲ್ಲಿ ನೀರು ಕಾಯಿಸಿ, ಅದರ ಮೇಲೆ ಆ ಹೊಳೆಯುವ ಬೋಗುಣಿ ಇಟ್ಟೆ. ಚಾಕೊಲೇಟು ಅಂಚಿನಿಂದ ಮೆತ್ತಗಾಗುತ್ತ, ಹೊಳಪೇರುತ್ತ, ರೇಷ್ಮೆಯಂತೆ ಮಡಿಕೆ ಮಡಿಕೆಯಾಗಿ ಚಮಚದಿಂದ ಇಳಿಯತೊಡಗಿತು. ಅಷ್ಟರಲ್ಲಿ ಅಜ್ಜಿ ಶಿವಪೂಜೆ ಮುಗಿಸಿ, ಹಣೆಯ ತುಂಬ ವಿಭೂತಿ, ಒದ್ದೆ ಕೈ, ಬಂದು ಬೋಗುಣಿಯ ಮೇಲೆ ಬಗ್ಗಿದಳು.

‘ದೂರ ಅಜ್ಜಿ. ಒಂದು ತೊಟ್ಟು ನೀರೂ ಬೀಳ್ಬಾರದು.’

‘ಯಾಕಮ್ಮಿ, ಬಿದ್ರೆ ಏನಾಯ್ತದೆ?’

‘ಮುದ್ದೆ ಆಗ್ಬುಡ್ತದೆ.’

‘ಆದ್ರೆ ಆಗ್ಲಿ ಬುಡು. ಮುದ್ದೆ ತಿಂದೇ ಅಲ್ವಾ ನಾವೆಲ್ಲ ಬೆಳ್ದಿರದು.’

ಹೇಗೋ ಅವಳನ್ನು ಹೊರಗೆ ಕಳಿಸಿ, ಬಾಳೆಹಣ್ಣುಗಳನ್ನು ಅರ್ಧರ್ಧ ಕತ್ತರಿಸಿ, ಕಡ್ಡಿಗೆ ಚುಚ್ಚಿ ಅದ್ದತೊಡಗಿದೆ. ಅದ್ದುವುದರ ಸುಖವನ್ನು ಹೇಗೆ ಹೇಳಲಿ? ಹಣ್ಣು ಒಳಗೆ ಹೋಗುವಾಗ ನಮ್ಮ ತೋಟದ್ದು, ಹೊರಗೆ ಬರುವಾಗ ಯಾವುದೋ ದೇಶದ್ದು. ತಟ್ಟೆಗೆ ಅಂಟಿಕೊಳ್ಳದಿರಲೆಂದು ಒಂದೊಂದನ್ನೂ ದುಂಡನೆಯ ಬಿಸ್ಕತ್ತಿನ ಮೇಲೆ ನೆಟ್ಟಗೆ ನಿಲ್ಲಿಸಿ ಕಡ್ಡಿ ಎಳೆದೆ; ತುದಿಯ ತೂತಿಗೆ ಒಂದು ಹನಿ ಚಾಕೊಲೇಟು ಬಿಟ್ಟು ನುಣುಪಾಗಿಸಿದೆ. ಅಮ್ಮ ಹಾದುಹೋಗುತ್ತ ನೋಡಿ ಹುಬ್ಬು ಗಂಟಿಕ್ಕಿದಳು.

‘ಸುಬಕಾರ್ಯದ ತಟ್ಟೆಗೆ ಕರಿಬಣ್ಣವಾ? ಮ್ಯಾಲೆ ಏನಾರ ಬೆಳ್ಳಗೆ ಹಾಕು.’

ಸರಿಯಾದ ಮಾತು. ಬಿಳಿ ಚಾಕೊಲೇಟನ್ನು ಕರಗಿಸಿ, ಮೆಹಂದಿ ಕೋನಿನಂತೆ ಸುತ್ತಿದ ಕಾಗದದಲ್ಲಿ ತುಂಬಿ, ಪ್ರತಿಯೊಂದರ ಮೇಲೂ ಅಡ್ಡಡ್ಡ ಗೆರೆ ಎಳೆದೆ. ಎರಡು ಎಳೆದರೆ ಬಡವಾಗಿ ಕಂಡಿತು, ನಾಲ್ಕಕ್ಕೆ ಜಾಗ ಸಾಲದು. ಮೂರು ಎಳೆದೆ. ಅಚ್ಚುಕಟ್ಟು ನನ್ನ ಹುಟ್ಟುಗುಣ. ಒಂದು ಗೆರೆಯೂ ಸೊಟ್ಟಗಿರಲಿಲ್ಲ. ಫ್ರಿಜ್ಜಿನೊಳಗಿಟ್ಟು ಬಾಗಿಲು ಹಾಕಿದೆ.

ಮರುದಿನ ಅಕ್ಕ ಹಸಿರು ಸೀರೆ, ಕೈತುಂಬ ಬಳೆ ತೊಟ್ಟು, ನಮ್ಮ ಪಡಸಾಲೆಯ ನಡುವೆ ಕೂತಿದ್ದಳು. ಮುಂದೆ ಹೂವು, ಹಣ್ಣು, ಚಿಗಳಿ, ತಂಬಿಟ್ಟಿನ ತಟ್ಟೆಗಳು. ಅವುಗಳ ಸಾಲಿನಲ್ಲಿ ನನ್ನ ತಟ್ಟೆಯನ್ನೂ ಇಟ್ಟು, ಹಿಂದೆ ಸರಿದು ಗೋಡೆಗೆ ಒರಗಿದೆ. ಅಜ್ಜಿ ತಟ್ಟೆಗೆ ಮುಚ್ಚಿದ್ದ ಬಟ್ಟೆ ತೆಗೆದಳು.

ಅಕ್ಕನ ಅತ್ತೆ ತಲೆಯ ಮೇಲೆ ಸೆರಗು ಹೊದ್ದು ಕೈ ಮುಗಿದರು. ಆಗ ನನಗೂ ಕಂಡಿತು. ಪುಟ್ಟ ಪೀಠಗಳ ಮೇಲೆ, ಕಪ್ಪಗೆ, ನುಣ್ಣಗೆ, ಮೂರೆಳೆ ವಿಭೂತಿ ಧರಿಸಿ, ತಟ್ಟೆಯ ತುಂಬ ಶಿವಲಿಂಗಗಳು ನಿಂತಿದ್ದವು.

‘ಎಷ್ಟ್ ಲಕ್ಷಣವಾಗಿ ಮಾಡವ್ಳೆ ಕಣವ್ವ ನಿಮ್ ಚಿಕ್ಕೋಳು’ ಎಂದರು ಅತ್ತೆ, ಅಮ್ಮನಿಗೆ. ಅಮ್ಮ ನನ್ನತ್ತ ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ. ಯಾರೋ ಒಂದು ಮಲ್ಲಿಗೆಯನ್ನೂ ಏರಿಸಿಬಿಟ್ಟರು.

ಅಕ್ಕ ಮಾತ್ರ ಕೈ ಚಾಚಿದ್ದಳು. ಅಜ್ಜಿ ಮಣಿಕಟ್ಟು ಹಿಡಿದುಕೊಂಡಳು. ‘ತಡಿಯಮ್ಮಿ. ಇಬೂತಿ ಇಕ್ಕಿರ ಶಿವನ್ನ ಕಚ್ಚಾದುಂಟಾ?’

‘ಬಾಳೆಹಣ್ಣು ಕಣಜ್ಜಿ ಅದು’ ಎಂದಳು ಅಕ್ಕ.

‘ನಂಗೂ ಗೊತ್ತು, ನಮ್ ತ್ವಾಟದ್ದೇ ಅಲ್ವಾ. ಗೊತ್ತಿದ್ರೆ ಏನಾಯ್ತು? ನೋಡ್ದೇಟ್ಗೆ ಕೈ ಮುಗಿತದಲ್ಲ.’

ಎಲ್ಲರೂ ತಲೆಯಾಡಿಸಿದರು. ಫ್ಯಾನಿನ ಬಿಸಿಗಾಳಿಗೆ ಚಾಕೊಲೇಟು ಆಗಲೇ ಬೆವರುತ್ತಿತ್ತು. ಅಕ್ಕ ನನ್ನನ್ನು ಹುಡುಕಿ ನೋಡಿದಳು. ಎಷ್ಟೋ ತಿಂಗಳ ಮೇಲೆ ಹುಟ್ಟಿದ ಒಂದೇ ಒಂದು ಆಸೆ ಕಣ್ಣೆದುರೇ ದೇವರಾಗಿ ಕೂತರೆ ಯಾರ ಮುಖವಾದರೂ ಹಾಗೆಯೇ ಆದೀತು. ನಾನು ಗೋಡೆ ಬಿಟ್ಟು ಮುಂದೆ ಬಂದೆ. ಅಷ್ಟು ಜನರ ನಡುವೆ ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು.

‘ಅಜ್ಜಿ, ಕೈ ಮುಗಿದದ್ದಾಯ್ತು, ಹೂವೂ ಇಟ್ಟಾಯ್ತು. ಪೂಜೆ ಆದ್ಮೇಲೆ ಅದು ಪ್ರಸಾದ ತಾನೆ?’

ಅಜ್ಜಿ ನನ್ನನ್ನೇ ನೋಡಿದಳು. ನಾನು ಹೇಳಿದ್ದಕ್ಕೋ, ನಾನು ಮಾತಾಡಿದೆನೆಂಬುದಕ್ಕೋ ತಿಳಿಯದು. ಆಮೇಲೆ ಒಂದನ್ನು ಬಿಸ್ಕತ್ತಿನಿಂದ ಬಿಡಿಸಿ ಕಣ್ಣಿಗೊತ್ತಿಕೊಂಡು ಅಕ್ಕನ ತುಟಿಯ ಹತ್ತಿರ ತಂದಳು. ‘ಹಲ್ಲು ತಾಕುಸ್ಬ್ಯಾಡ. ಇಡಿಯಾಗೇ ಬಾಯಿಗಾಕ್ಕೊ. ಅಲ್ಲೇ ಕರಗ್ಲಿ.’

ಅಕ್ಕನ ಕೆನ್ನೆ ಉಬ್ಬಿತು. ಅವಳು ಕಣ್ಣು ಮುಚ್ಚಿದಳು. ಅಮ್ಮ ಅಭ್ಯಾಸಬಲದಿಂದ ಚೆಂಬು, ಬೇಸಿನ್ನು ಹಿಡಿದು ಸಿದ್ಧಳಾದಳು. ಪಡಸಾಲೆಯೆಲ್ಲ ಅಕ್ಕನ ಗಂಟಲನ್ನೇ ನೋಡುತ್ತಿತ್ತು. ಅಕ್ಕ ನುಂಗಿದಳು. ಆಮೇಲೆ, ಕಣ್ಣು ತೆರೆಯದೆಯೇ, ತಟ್ಟೆಯ ಕಡೆಗೆ ಮತ್ತೆ ಕೈ ಚಾಚಿದಳು.

ಅಮ್ಮ ಬೇಸಿನ್ನು ಕೆಳಗಿಟ್ಟು ಸೆರಗಿನಿಂದ ಮುಖ ಒರೆಸಿಕೊಂಡಳು. ಅಕ್ಕನ ಪಾಲು ತೆಗೆದಿಟ್ಟ ಮೇಲೆ ಪ್ರಸಾದ ಎಲ್ಲರಿಗೂ ಹಂಚಿಹೋಯಿತು. ಒಬ್ಬೊಬ್ಬರೂ ಕಣ್ಣಿಗೊತ್ತಿಕೊಂಡು, ಹಲ್ಲು ತಾಕಿಸದೆ, ಇಡಿಯಾಗಿ ಬಾಯಿಗೆ ಹಾಕಿಕೊಂಡರು. ಅತ್ತೆಯ ಕೆನ್ನೆ, ಅಮ್ಮನ ಕೆನ್ನೆ, ನೆಂಟರ ಕೆನ್ನೆಗಳೆಲ್ಲ ಉಬ್ಬಿ, ಒಬ್ಬರಿಗೂ ತುಟಿ ಬಿಚ್ಚಲಾಗದೆ, ಇಡೀ ಪಡಸಾಲೆ ನನ್ನಷ್ಟೇ ಮೌನವಾಯಿತು. ಅಜ್ಜಿಯೂ ಒಂದನ್ನು ಹಾಕಿಕೊಂಡು, ನನಗೆ ಏನೋ ಹೇಳಲು ಹೊರಟು, ಆಗದೆ, ಕೈ ಆಡಿಸಿದಳು.

‘ಯಾಕಜ್ಜಿ,’ ಎಂದೆ, ‘ಬಾಯಲ್ಲಿ ಕಡ್ಬು ಮಡಿಕ್ಕಂಡಿದ್ದೀಯಾ?’

ಆಮೇಲೆ ಅಡುಗೆಮನೆಗೆ ಹೋಗಿ, ಒಣಗಿಯೇ ಇದ್ದ ಬೋಗುಣಿಯನ್ನು ಇನ್ನೊಮ್ಮೆ ಒರೆಸಿದೆ.