ಮೈಯೊಳಗಿನ ಕರೆಂಟ್

ನಮ್ಮ ಬೀಡಿ ಊರಿನಲ್ಲಿ ರೇಡಿಯೇಷನ್ ಎಂದು ಯಾರೂ ಅನ್ನುವುದಿಲ್ಲ, ಕರೆಂಟ್ ಕೊಡುವುದು ಅನ್ನುತ್ತಾರೆ. ಗರ್ಭಕೋಶದ ಬಾಯಿಗೆ ಕ್ಯಾನ್ಸರ್ ಆಗಿದೆ, ಬೆಳಗಾವಿಯಲ್ಲಿ ಕರೆಂಟ್ ಕೊಡಿಸಬೇಕು ಎಂದು ಡಾಕ್ಟರು ಅಂದಾಗ ನನ್ನ ಕಣ್ಣ ಮುಂದೆ ಬಂದದ್ದೂ ತಂತಿ, ಕಂಬಗಳೇ. ಸರ್ಕಾರಿ ಶಾಲೆಯಲ್ಲಿ ಮಕ್ಕಳಿಗೆ ಓದು ಕಲಿಸಿ ನಿವೃತ್ತಿಯಾದವಳು ನಾನು. ಓದಿದವಳೆಂಬ ಜಂಬವೇ ನನಗೆ ಮುಳುವಾಯಿತು.

ರೋಗ ಪತ್ತೆಯಾಗುವಂತೆ ಮಾಡಿದವಳು ಮಗಳು. ಮುಟ್ಟು ನಿಂತು ವರ್ಷಗಳಾದ ಮೇಲೆ ಮತ್ತೆ ರಕ್ತ ಹೋಗುತ್ತಿದ್ದುದನ್ನು ನಾನು ಮುಚ್ಚಿಟ್ಟಿದ್ದೆ. ಬೆಳಗಾವಿಯ ಟಿಳಕವಾಡಿಯಲ್ಲಿದ್ದ ಅವಳ ಮನೆಗೆ ಹೋದಾಗ ಸೀರೆಯ ಕಲೆ ಕಂಡು, ಜಗಳವಾಡಿ, ಡಾಕ್ಟರ ಹತ್ತಿರ ಎಳೆದೊಯ್ದಳು. ನಾನೇನು ಸುಮ್ಮನಿರುವವಳೇ? ನಾಲ್ಕು ಮಂದಿಯೆದುರು ಮಾನ ಕಳೆದೆ ಎಂದು ಆಟೋದಲ್ಲೇ ಬೈದೆ. ಮದುವೆಯಾಗಿ ಬಹಳ ವರ್ಷಕ್ಕೆ ಬಸುರಾಗಿದ್ದಳು ಪಾಪ.

ಚಿಕಿತ್ಸೆ ಮುಗಿಯುವವರೆಗೆ ಅವಳ ಮನೆಯಲ್ಲೇ ಇರುವುದೆಂದು ಮಾತಾಗಿತ್ತು. ಮೊದಲ ದಿನ ಕರೆಂಟಿನ ಕೋಣೆಯ ಬಾಗಿಲ ಮೇಲೆ ಬೋರ್ಡು ಓದಿದೆ: ಗರ್ಭಿಣಿಯರು ಒಳಗೆ ಬರಬಾರದು. ಆ ಕೋಣೆಯೇ ಬಸುರಿಗೆ ಆಗದಿದ್ದರೆ, ದಿನಾ ಅದನ್ನೇ ಹೊಟ್ಟೆಯೊಳಗೆ ತುಂಬಿಕೊಂಡು ಬರುವ ನಾನು? ಮಗಳಿಗೆ ಕಾರಣ ಹೇಳಲಿಲ್ಲ, ಬಸುರಿಗೆ ಹೆದರಿಕೆ ಹಾಕಬಾರದಲ್ಲ. ನಿಮ್ಮ ಮನೆ ನನಗೆ ಸರಿಬರುವುದಿಲ್ಲ ಎಂದಷ್ಟೇ ಹೇಳಿ ಅದೇ ಊರಿನ ರಾಮತೀರ್ಥ ನಗರದಲ್ಲಿ ಬಾಡಿಗೆಗೆ ಕೋಣೆ ಹಿಡಿದೆ.

ದಿನಾ ಗಂಟಲವರೆಗೆ ನೀರು ಕುಡಿದು, ಮೂತ್ರ ಹಿಡಿದುಕೊಂಡು ಸರದಿ ಕಾಯಬೇಕು. ಉಳಿದವರ ನೀರಿನ ಬಾಟಲಿ ಹಿಡಿಯಲು ಯಾರಾದರೂ ಇರುತ್ತಿದ್ದರು. ಯಜಮಾನರು ತೀರಿಹೋಗಿ ಬಹಳ ಕಾಲವಾಗಿತ್ತು, ನನ್ನ ಬಾಟಲಿ ನನ್ನ ತೊಡೆಯ ಮೇಲೇ ಇರುತ್ತಿತ್ತು. ಯಂತ್ರದ ಕೆಳಗೆ ಮಲಗಿದಾಗ ನೋವೇನಿಲ್ಲ. ಕೋಣೆಗೆ ಬಂದ ಮೇಲೆ ಭೇದಿ, ಸುಸ್ತು, ಅನ್ನ ಕಂಡರೆ ಓಕರಿಕೆ.

ಮಗಳು ಬುತ್ತಿ ತರುತ್ತಿದ್ದಳು. ಮೆಟ್ಟಿಲ ಮೇಲಿಟ್ಟು ಹೋಗು ಎಂದು ಕಿಟಕಿಯಿಂದಲೇ ಹೇಳುತ್ತಿದ್ದೆ. ಅವಳ ಹೊಟ್ಟೆ ಕಾಣತೊಡಗಿತ್ತು. ಒಮ್ಮೆ ಮುಟ್ಟಬೇಕೆಂದು ಜೀವ ಎಳೆಯುತ್ತಿತ್ತು. ಬರಬರುತ್ತ ಅವಳು ಬರುವುದು ನಿಂತು ಅಳಿಯನೇ ಬುತ್ತಿ ತರತೊಡಗಿದ. ಒಳ್ಳೆಯದೇ ಆಯಿತು ಅಂದುಕೊಂಡು, ಬಾಗಿಲು ಹಾಕಿಕೊಂಡು ಅತ್ತೆ.

ಕೊನೆಯ ದಿನ ಡಾಕ್ಟರಮ್ಮನನ್ನು ಕೇಳಿದೆ: ಮೈಯೊಳಗಿನ ಕರೆಂಟ್ ಇಳಿಯಲು ಎಷ್ಟು ತಿಂಗಳು ಬೇಕು, ಮಗಳ ಬಾಣಂತನ ನಾನೇ ಮಾಡಬೇಕು. ಅವರಿಗೆ ಮೊದಲು ತಿಳಿಯಲೇ ಇಲ್ಲ. ಬೋರ್ಡಿನ ವಿಷಯ ಹೇಳಿದೆ.

"ಮಷೀನ್ ಬಂದ್ ಆದ್ರ ಎಲ್ಲಾ ಬಂದ್ ರೀ. ನಿಮ್ಮ ಮೈಯಾಗ ಏನೂ ಉಳಿಯೂದಿಲ್ಲ. ಬೋರ್ಡು ಆ ಖೋಲಿಗೆ ಐತಿ, ನಿಮಗಲ್ಲ."

ಅಲ್ಲಿಂದ ನೇರ ಟಿಳಕವಾಡಿಗೆ ಹೋದೆ. ಬಾಗಿಲು ತೆಗೆದ ಮಗಳಿಗೆ ಹೊಸ್ತಿಲಲ್ಲೇ ನಿಂತು ಎಲ್ಲ ಹೇಳಿದೆ. ಎಂಥಾ ದಡ್ಡಿ ಎಂದು ನಗುತ್ತಾಳೆ ಅಂದುಕೊಂಡಿದ್ದೆ. ಅವಳು ಗೋಡೆಗೆ ಆತು ನಿಂತಳು.

"ನಿನ್ನ ಮುಟ್ಟಿದ್ರ ಏನೂ ಆಗೂದಿಲ್ಲಂತ ಮೊದಲನೇ ದಿನಾನ ಡಾಕ್ಟರು ನನಗ ಹೇಳಿದ್ರವ್ವಾ. ಅದಕ್ಕ, ನಿನಗ ನಾನ ಬ್ಯಾಡಾಗೇನಿ ಅಂತ ತಿಳಕೊಂಡೆ."

ತಬ್ಬಿಕೊಂಡು ಇಬ್ಬರೂ ಅತ್ತೆವು. ಮೊಮ್ಮಗಳು ಈಗ ಶಾಲೆಗೆ ಹೋಗುತ್ತಾಳೆ. ತಪಾಸಣೆಗೆ ಹೋದಾಗಲೆಲ್ಲ ರೋಗದ ಸುಳಿವಿಲ್ಲ ಅನ್ನುತ್ತಾರೆ. ಮಗಳು ಎಲ್ಲದಕ್ಕೂ ಜೊತೆಗಿರುತ್ತಾಳೆ. ಆದರೆ ನಾನು ಸ್ವಲ್ಪ ದನಿ ಏರಿಸಿದರೆ ಸಾಕು, ಕೈಯಲ್ಲಿದ್ದ ಕೆಲಸ ಅಲ್ಲೇ ಬಿಟ್ಟು ಕೇಳುತ್ತಾಳೆ:

"ನಾ ಹೋಗ್ಲೇನವ್ವಾ?"