ನಮ್ಮ ಓಣಿಗೆ ಟ್ರಾಮು ಬರುವುದಿಲ್ಲ

ನಾನು ಬಿ.ಎ. ಮಾಡುವುದು ಆಗುವ ಮಾತಲ್ಲ ಎಂದವಳು ನನ್ನ ಸೋದರತ್ತೆ, ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ಬೆಟಗೇರಿಯ ನಮ್ಮ ಮನೆಗೇ ಬಂದು ನಿಂತವಳು. ಹಾಸು ಕಟ್ಟುವ ವಿಷಯದಲ್ಲಿ ಇಡೀ ಓಣಿಗೆ ಅವಳ ಮಾತೇ ಕಡೆಯ ಮಾತು. ನೇಕಾರರಲ್ಲದವರಿಗೆ ಹೇಳಬೇಕೆಂದರೆ, ಸೀರೆಯ ಉದ್ದೆಳೆಗಳೆಲ್ಲ ಸೇರಿ ಹಾಸು. ಬಿಸಿಲೇರುವ ಮುಂಚೆ ಅದನ್ನು ಓಣಿಯ ಉದ್ದಕ್ಕೂ ಬಿಗಿದು ಕಟ್ಟಿ, ಗಂಜಿ ಹಚ್ಚಿ, ಕುಂಚದಿಂದ ತೀಡಬೇಕು. ಒಂದು ಮನೆಯವರಿಂದ ಆಗುವ ಕೆಲಸವಲ್ಲ ಅದು. ಇವತ್ತು ನಮ್ಮ ಹಾಸು ಹಿಡಿಯಲು ಅವರು ಬರುತ್ತಾರೆ, ನಾಳೆ ಅವರದನ್ನು ಹಿಡಿಯಲು ನಾವು ಹೋಗುತ್ತೇವೆ.

ಅಂಥ ಒಂದು ಬೆಳಿಗ್ಗೆ, ಓಣಿಯ ಜನ ಹಾಸಿನ ಎರಡೂ ಮಗ್ಗುಲಿಗೆ ನಿಂತಿರುವಾಗಲೇ, ಬಿ.ಎ.ಗೆ ಮುಂಚಿನ ಇಂಟರ್ ಪರೀಕ್ಷೆಯಲ್ಲಿ ನಾನು ಫೇಲಾದ ಸುದ್ದಿ ಬಂತು. ಉಳಿದದ್ದೆಲ್ಲ ಪಾಸು, ಇಂಗ್ಲಿಷ್ ಒಂದೇ ಹೋಗಿತ್ತು.

ಅತ್ತೆ ಕುಂಚ ನಿಲ್ಲಿಸಲಿಲ್ಲ. ತೀಡುತ್ತಲೇ ಹೇಳಿದಳು.

"ಕೇಳ್ರಿ ಎಲ್ಲಾರೂ. ಈ ಓಣ್ಯಾಗ ಬಿ.ಎ. ಪಾಸಾದಂವ ಹುಟ್ಟಿಲ್ಲ, ಹುಟ್ಟೂದೂ ಇಲ್ಲ. ಸಾಹೇಬ್ರು ಗಂಟು ಕಟಗೊಂಡು ಹ್ವಾದ್ರು. ಅವರು ಬಿಟ್ಟ ಹ್ವಾದ ಮಾತು ಹಿಡಕೊಂಡು ಇಂವ ಕುಂತಾನ."

ಸ್ವಾತಂತ್ರ್ಯ ಬಂದು ಆರೇಳು ವರ್ಷವಾಗಿತ್ತು, ಮಾತು ಎಲ್ಲರಿಗೂ ರುಚಿಸಿತು, ನಕ್ಕರು. ನಾನೂ ಹಾಸಿನ ಒಂದು ತುದಿ ಹಿಡಿದಿದ್ದೆ. ಬಿಟ್ಟು ಹೋದರೆ ಎಳೆಗಳು ಜೋಲು ಬೀಳುತ್ತವೆ. ನಿಂತೇ ಕೇಳಬೇಕಾಯಿತು.

ಅವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ಅಪ್ಪ ಕರಾರು ಹೇಳಿದ. "ಒಂದ ವರ್ಷ ಕೊಡ್ತೀನಿ. ಮತ್ತೊಮ್ಮೆ ಪರೀಕ್ಷಾಕ್ಕ ಕುಂಡ್ರು. ಈ ಸಲಾನೂ ಹೋತಂದ್ರ ಅಜ್ಜನ ಮಗ್ಗ ನಿಂದು." ಅಜ್ಜನ ಮಗ್ಗ ಮೂಲೆಯಲ್ಲಿ ಖಾಲಿ ಇತ್ತು. ಅದರ ಕುಣಿಯಲ್ಲಿ, ಅಂದರೆ ಕೆಳಗಿನ ಗುಂಡಿಯಲ್ಲಿ, ಕಾಲು ಇಳಿಬಿಟ್ಟು ಕೂತವರು ಮತ್ತೆ ಶಾಲೆಯ ಕಡೆ ಮುಖ ಮಾಡಿದ್ದನ್ನು ನಾನು ಕಂಡಿರಲಿಲ್ಲ. ಮಗ್ಗವೆಂದರೆ ನನಗೆ ನಾಚಿಕೆಯಿರಲಿಲ್ಲ, ಇವತ್ತಿಗೂ ಇಲ್ಲ. ಆದರೆ ಅರ್ಧಕ್ಕೆ ಬಿಟ್ಟವನು ಅನ್ನಿಸಿಕೊಂಡು ಅದರಲ್ಲಿ ಇಳಿಯಲು ಮನಸ್ಸಿರಲಿಲ್ಲ.

ಗದಗಿನ ಪೇಟೆಯಲ್ಲಿ ರದ್ದಿ ಮಾರುವವನ ಹತ್ತಿರ ಇಂಗ್ಲಿಷ್ ಕಲಿಸುವ ಒಂದು ಹಳೆಯ ಪುಸ್ತಕ ಸಿಕ್ಕಿತು. ರಟ್ಟು ಹೋಗಿತ್ತು. ಒಳಗೆ ಪುಟಕ್ಕೊಂದು ಚಿಕ್ಕ ಪಾಠ: ಒಬ್ಬ ಗೃಹಸ್ಥ ಬೆಳಿಗ್ಗೆ ಎದ್ದು ಮೇಜಿನ ಮುಂದೆ ಕೂತು ಚಹಾ ಕುಡಿಯುತ್ತಾನೆ, ಟೆಲಿಫೋನಿನಲ್ಲಿ ಮಾತಾಡುತ್ತಾನೆ, ಪಟ್ಟಣದ ಬೀದಿಯಲ್ಲಿ ಹಳಿಗಳ ಮೇಲೆ ಓಡುವ ಟ್ರಾಮು ಹಿಡಿದು ಆಫೀಸಿಗೆ ಹೋಗುತ್ತಾನೆ. ಪಾಠದ ಕೆಳಗೆ ಅಭ್ಯಾಸ: ಇವತ್ತು ನಡೆದದ್ದನ್ನು ನಿನ್ನೆ ನಡೆದಂತೆ ಬರೆಯಿರಿ, ಬಿಟ್ಟ ಜಾಗ ತುಂಬಿರಿ. ಕಂಡಿಕೆಗೆ ನೂಲು ಸುತ್ತುತ್ತ ನಾನು ಅವನ್ನು ಗಟ್ಟಿಯಾಗಿ ಓದುತ್ತಿದ್ದೆ. ಅಪ್ಪನ ಲಾಳಿ ಅತ್ತ ಹೋಗಿ ಇತ್ತ ಬರುವುದಕ್ಕೂ ನನ್ನ ಕ್ರಿಯಾಪದಗಳಿಗೂ ಒಂದು ತಾಳ ಕೂಡಿಬಿಟ್ಟಿತ್ತು. ಇಂಗ್ಲಿಷಿನ ಒಂದಕ್ಷರ ಬಾರದ ಅಪ್ಪ, ನಾನು ತಡವರಿಸಿದರೆ ಸಾಕು, ಲಾಳಿ ಹಿಡಿದು ನಿಲ್ಲಿಸುತ್ತಿದ್ದ. "ಅಲ್ಲೆ ಎಳಿ ಹರೀತು ನೋಡು. ಮತ್ತ ಅನ್ನು."

ಬಾಯಿಪಾಠವಾದ ಮೇಲೆ ನನ್ನ ನೋಟುಬುಕ್ಕಿನಲ್ಲಿ ಇಂಗ್ಲಿಷಿನಲ್ಲೇ ನನ್ನದೇ ಪಾಠ ಬರೆಯಲು ಹತ್ತಿದೆ. 'ನನ್ನ ತಂದೆ ದಿನಾಲು ಟ್ರಾಮಿನಲ್ಲಿ ಆಫೀಸಿಗೆ ಹೋಗುತ್ತಾರೆ. ಅಲ್ಲಿಂದ ತಾಯಿಗೆ ಟೆಲಿಫೋನ್ ಮಾಡುತ್ತಾರೆ.' ಹೀಗೆ ಇಪ್ಪತ್ತು ಪುಟ. ಬರೆಯುವಾಗ ನನ್ನ ತಂದೆ ಎರಡು ಮಾರು ದೂರದಲ್ಲಿ ಬರಿ ಮೈಯಲ್ಲಿ ನೇಯುತ್ತಿದ್ದ. ಅದರಲ್ಲಿ ಏನೋ ತಪ್ಪಿದೆ ಎಂದು ನನಗೆ ಹೊಳೆಯಲೇ ಇಲ್ಲ. ಇಂಗ್ಲಿಷ್ ಇರುವುದೇ ಅಂಥ ಮನೆಗಳಿಗೆ ಎಂದು ತಿಳಿದಿದ್ದೆ.

ಲಕ್ಷ್ಮೇಶ್ವರದ ಸಂತೆಗೆ ಅಪ್ಪನ ಜೊತೆ ಸೀರೆ ಗಂಟು ಹೊತ್ತು ಹೋಗುತ್ತಿದ್ದೆ. ಒಂದು ಸಂತೆಯ ದಿನ ವಯಸ್ಸಾದ ಗಂಡ ಹೆಂಡತಿ ಬಂದರು. ಆತ ಸಂಸ್ಥಾನದ ಕಾಲದ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದ ಮಾಸ್ತರರು. ಹೆಂಡತಿ ಅಂಚು ತಿರುವಿ ನೋಡುವಷ್ಟರಲ್ಲಿ, ಗಂಟಿನ ಮೇಲೆ ಬಿದ್ದಿದ್ದ ನನ್ನ ನೋಟುಬುಕ್ಕು ಮಾಸ್ತರರ ಕೈಗೆ ಹೋಯಿತು.

"ಇದು ಯಾರು ಬರದದ್ದು?"

"ನಾನರಿ."

"ನಿಮ್ಮ ತಂದಿಯವರು ಎಲ್ಲೆ ಅದಾರ?"

ಸೀರೆ ಮಡಚುತ್ತಿದ್ದ ಅಪ್ಪನನ್ನು ತೋರಿಸಿದೆ. ಮಾಸ್ತರರು ಅಪ್ಪನನ್ನು ಮೇಲಿಂದ ಕೆಳಗೆ ನೋಡಿದರು. "ಏನ್ರೀ ಯಜಮಾನ್ರ, ನೀವು ಟ್ರಾಮಿನಾಗ ಆಫೀಸಿಗೆ ಹೋಗ್ತೀರಂತ?"

"ಟ್ರಾಮು ಅಂದ್ರ ಏನ್ರಿ?" ಎಂದ ಅಪ್ಪ.

"ಬೆಟಗೇರಿ ಭಾಳ ಮುಂದ ಹೋಗೇತಿ ಬಿಡಪಾ," ಎಂದರು ಮಾಸ್ತರರು, ನೋಟುಬುಕ್ಕಿನ ಮೇಲಿದ್ದ ಊರ ಹೆಸರು ನೋಡಿ. "ನಾವು ಇನ್ನೂ ಶಿರಹಟ್ಟಿ ಬಸ್ಸಿಗೆ ಎರಡು ತಾಸು ಕಾಯ್ತೀವಿ." ಹೆಂಡತಿ ಸೆರಗು ಬಾಯಿಗೆ ಹಿಡಿದು ನಕ್ಕರು. ಮಾಸ್ತರರು ಮಾತ್ರ ನಗದೆ, ನಾನು ಫೇಲಾದದ್ದನ್ನು ಕೇಳಿ ತಿಳಿದುಕೊಂಡು, ಪುಟ ತಿರುವಿದರು. "ವ್ಯಾಕರಣ ಛಲೋ ಐತಿ. ಆದರ ಮನಿ ನಿಂದಲ್ಲ. ಕಾಣಲಾರದ್ದು ಬರದ್ರ ಪರೀಕ್ಷಾದಾಗ ಎರಡು ಸಾಲಿಗೆ ಮಾತು ಮುಗೀತಾವು. ಮುಂದಿನ ಸಂತಿಗೆ ನಿಮ್ಮನಿದು ಒಂದು ಪುಟ ಬರಕೊಂಡು ಬಾ."

ಮನೆಯದು ಎಂದರೆ ಏನು ಬರೆಯಲಿ? ಮೊದಲು ಕಣ್ಣಿಗೆ ಬಂದದ್ದು ಹಾಸು. ಬರೆದು, ಸರಿಯಿದೆಯೋ ಇಲ್ಲವೋ ಎಂದು ಅತ್ತೆಗೆ ಕನ್ನಡದಲ್ಲಿ ಓದಿ ಹೇಳಿದೆ: 'ನನ್ನ ಅತ್ತೆ ಬೆಳಿಗ್ಗೆ ಓಣಿಯಲ್ಲಿ ಹಾಸು ಕಟ್ಟುತ್ತಾಳೆ.'

"ತಡಿ," ಎಂದಳು. "ನಾ ಒಬ್ಬಾಕಿನ ಕಟ್ಟತೀನೇನೋ? ಹನ್ನೆರಡು ಮಂದಿ ಕೈ ಹಚ್ಚತಾರ. ಅವರೆಲ್ಲ ಎಲ್ಲಿ ಹ್ವಾದ್ರು? ನಿನ್ನ ಇಂಗ್ಲಿಷಿನ್ಯಾಗ ಅವರಿಗೆ ಜಾಗ ಇಲ್ಲೇನು? ಹೊಡದು ಹಾಕು."

ಹೊಡೆದು ಹಾಕಿ ಹನ್ನೆರಡೂ ಜನರನ್ನು ತಂದು ನಿಲ್ಲಿಸಿದೆ. ಒಬ್ಬರು ಬಿಗಿಯುತ್ತಾರೆ, ಒಬ್ಬರು ಗಂಜಿ ತರುತ್ತಾರೆ, ಇನ್ನೊಬ್ಬರು ಹರಿದ ಎಳೆ ಹುಡುಕಿ ಗಂಟು ಹಾಕುತ್ತಾರೆ. ಎರಡು ಸಾಲಿನ ಪಾಠ ಎರಡು ಪುಟವಾಯಿತು. ಹಾಸಿಗೆ, ಅಂದರೆ ಆ ಉದ್ದೆಳೆಗಳಿಗೆ, ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ಮಾಸ್ತರರಿಗೂ ಗೊತ್ತಿರಲಿಲ್ಲ. "ಇರ್ಲಿ, ನಿನ್ನ ಶಬ್ದ ಹಂಗ ಇಡು," ಎಂದರು.

ಆಮೇಲೆ ಸಂತೆಗೊಂದು ಪುಟ. ಗದಗಿನ ಸ್ಟೇಷನ್ನಿನಲ್ಲಿ ಹತ್ತಿಯ ಅಂಡಿಗೆಗಳನ್ನು ಗಾಡಿಗೆ ಏರಿಸುವುದು, ಚಹಾದಂಗಡಿಗೆ ಹೊಸದಾಗಿ ಬಂದ ರೇಡಿಯೊ, ಮುಂಡರಗಿಯ ಸಂತೆಯಲ್ಲಿ ಸೀರೆ ಚೌಕಾಶಿ. ಇಂಗ್ಲಿಷನ್ನು ಮಾಸ್ತರರು ತಿದ್ದಿದರು, ಸಂಗತಿಯನ್ನು ಅತ್ತೆ ತಿದ್ದಿದಳು. ಇಬ್ಬರಲ್ಲಿ ಅತ್ತೆಯೇ ಕಠಿಣ. ಆಗುವುದಿಲ್ಲ ಎಂಬ ಮಾತನ್ನು ಮಾತ್ರ ಅವಳು ಹಿಂದಕ್ಕೆ ತೆಗೆದುಕೊಂಡಿರಲಿಲ್ಲ. ಪುಟ ಕೇಳಿ ಮುಗಿದ ಮೇಲೆ, "ಹೂಂ, ಅಜ್ಜನ ಮಗ್ಗದ ಧೂಳು ಝಾಡಿಸಿಟ್ಟೀನಿ," ಅನ್ನುವಳು.

ಪರೀಕ್ಷೆಯಲ್ಲಿ ನಿಮ್ಮ ಊರಿನ ಒಂದು ಬೆಳಗನ್ನು ವರ್ಣಿಸಿರಿ ಎಂದು ಕೇಳಿದ್ದರು. ನನ್ನ ಹಿಂದೆ ಮುಂದೆ ಕೂತವರು ಸೂರ್ಯೋದಯದಿಂದ ಸುರು ಮಾಡಿದರಂತೆ. ನಾನು ಹನ್ನೆರಡು ಮಂದಿಯನ್ನು ಓಣಿಯಲ್ಲಿ ನಿಲ್ಲಿಸಿದೆ. ಇಂಗ್ಲಿಷ್ ಪಾಸಾಯಿತು. ಧಾರವಾಡದಲ್ಲಿ ಮುಂದಿನ ಎರಡು ವರ್ಷ ಕಳೆದೆ. ನಮ್ಮ ಸೀಮೆ ಮುಂಬಯಿ ರಾಜ್ಯದ ಕೈಬಿಟ್ಟು ಕನ್ನಡ ನಾಡಿಗೆ ಕೂಡಿದ ವರ್ಷವೇ ನನಗೆ ಬಿ.ಎ. ಆಯಿತು. ಎರಡೂ ನಮ್ಮ ಓಣಿಯವರು ಕಾಣಲಾರೆವು ಅಂದುಕೊಂಡಿದ್ದ ಸಂಗತಿಗಳು.

ಸರ್ಟಿಫಿಕೇಟು ಹಿಡಿದು ಬೆಳಗಿನ ಗಾಡಿಗೆ ಬಂದೆ. ಓಣಿಯಲ್ಲಿ ಹಾಸು ಕಟ್ಟಿತ್ತು, ಜನ ನಿಂತಿದ್ದರು. ನೇರವಾಗಿ ಹೋಗಿ ಅತ್ತೆಯ ಮುಂದೆ ಹಿಡಿದೆ. ಅವಳು ಕುಂಚ ಕೆಳಗಿಟ್ಟಳು, ಗಂಜಿಯ ಕೈಯನ್ನು ಸೆರಗಿಗೆ ಒರೆಸಿಕೊಂಡು ಕಾಗದ ತೆಗೆದುಕೊಂಡಳು. ಮುಂಭಾಗವನ್ನು ಒಂದು ಗಳಿಗೆ ನೋಡಿ ಹಿಂದಕ್ಕೆ ತಿರುವಿದಳು. ನಮ್ಮವರು ಸೀರೆಯನ್ನು ನೋಡುವುದೂ ಹಾಗೆಯೇ. ಗಂಟು ಇದ್ದರೆ ಹಿಂದಿನ ಮಗ್ಗುಲಲ್ಲಿ ತಿಳಿಯುತ್ತದೆ. ಬೆಳಕಿಗೆ ಹಿಡಿದು ನೋಡಿದಳು.

"ಹಿಂದ ಒಂದೂ ಗಂಟಿಲ್ಲ," ಎಂದಳು. ಆಮೇಲೆ ಓಣಿಯ ಕಡೆ ತಿರುಗಿದಳು.

"ಕೇಳ್ರಿ ಎಲ್ಲಾರೂ. ಹುಟ್ಟೂದಿಲ್ಲ ಅಂತ ಅಂದಾಕಿ ನಾನ. ಹುಟ್ಯಾನ ಅಂತ ಹೇಳಾಕಿನೂ ನಾನ." ಕಾಗದವನ್ನು ನನ್ನ ಕೈಗೆ ವಾಪಸು ಕೊಟ್ಟಳು. "ಇದನ್ನ ನಿಮ್ಮಪ್ಪಗ ತೋರಿಸಿ ಬಾ, ಮಡಚಬ್ಯಾಡ. ಬಂದು ಆ ತುದಿ ಹಿಡಿ, ಬಿ.ಎ. ಹನ್ನೆರಡು ಮಂದ್ಯಾಗ ಒಬ್ಬ ಕಡಿಮಿ ಅದಾನ."