ಹಗಲು ಕತೆಗೆ ತಪ್ಪಿದ ದಾರಿ

ಹಗಲು ಹೊತ್ತಿನಲ್ಲಿ ಕತೆ ಹೇಳಿದರೆ, ಕೇಳಿದವರ ಸೋದರಮಾವ ದಾರಿ ತಪ್ಪುತ್ತಾನೆ ಎಂಬುದು ನಮ್ಮ ಕಡೆಯ ನಂಬಿಕೆ. ಸೋದರಮಾವನೇ ಯಾಕೆ ತಪ್ಪಬೇಕು, ಚಿಕ್ಕಪ್ಪನಿಗೆ ಯಾಕೆ ಈ ವಿನಾಯಿತಿ ಎಂದು ಚಿಕ್ಕಂದಿನಲ್ಲಿ ನಮ್ಮಜ್ಜಿಯನ್ನು ಕೇಳಿದ್ದೆ. ಉತ್ತರವಾಗಿ ತಲೆಯ ಮೇಲೊಂದು ಮೊಟಕು ಸಿಕ್ಕಿತು. ಆಮೇಲೆ ನಾನು ಓದಿ, ಮೇಷ್ಟ್ರಾಗಿ, ಇಂಥವನ್ನೆಲ್ಲ ಗಂಟು ಕಟ್ಟಿ ಅಟ್ಟದ ಮೇಲಿಟ್ಟೆ. ಅಟ್ಟದ ಮೇಲಿಟ್ಟದ್ದು ಮನೆಯಿಂದ ಹೊರಗೆ ಹೋದಂತಲ್ಲ ಎಂಬುದು ಗೊತ್ತಾದದ್ದು ಬಹಳ ತಡವಾಗಿ.

ಗೊತ್ತಾಗುವುದಕ್ಕೆ ಮೂಲ ಕಾರಣ ತರೀಕೆರೆಯಲ್ಲಿ ನಡೆದ ಒಂದು ತರಬೇತಿ. ಒಂದನೇ ತರಗತಿಗೆ ಪಾಠ ಮಾಡುವ ನಮ್ಮನ್ನೆಲ್ಲ ಕೂರಿಸಿಕೊಂಡು, ಅಕ್ಷರವನ್ನು ಮಗುವಿನ ಬಾಯಿಗೆ ಕಷಾಯದ ಹಾಗೆ ಹುಯ್ಯಬಾರದು, ಅಜ್ಜಿ ಕತೆಯೊಳಗೆ ಬೆರೆಸಿ ಕೊಡಬೇಕು ಎಂದು ಹೇಳಿಕೊಟ್ಟರು. ನಾನು ಹಳೇ ಕಾಲದ ಆಸಾಮಿ. ಅಆಇಈಯನ್ನು ಒಕ್ಕೊರಲಿನಿಂದ ಕೂಗಿಸಿ, ಆ ಕೂಗು ಪಕ್ಕದ ಹೊಲದ ಎತ್ತಿಗೂ ಕೇಳಿಸಿದರೆ ವಿದ್ಯೆ ಹತ್ತಿತು ಎಂದು ತಿಳಿದವನು. ಬೆಳಗ್ಗೆಯೆಲ್ಲ ಮುಖ ಗಂಟಿಕ್ಕಿಕೊಂಡು ಕೂತೆ. ಮಧ್ಯಾಹ್ನ ಚಿತ್ರಾನ್ನ ಉಂಡ ಮೇಲೆ ಮನಸ್ಸು ಮೆತ್ತಗಾಯಿತು. ಸಾಯಂಕಾಲ ಅಜ್ಜಂಪುರದ ಬಸ್ಸು ಹತ್ತುವ ಹೊತ್ತಿಗೆ ನಾನು ಪೂರ್ತಿ ಮತಾಂತರಗೊಂಡಿದ್ದೆ. ಸೋದರಮಾವಂದಿರ ಬಗ್ಗೆ ಆ ತರಬೇತಿಯಲ್ಲಿ ಯಾರೂ ಚಕಾರ ಎತ್ತಲಿಲ್ಲ.

ನನ್ನ ಶಾಲೆ ಇದ್ದದ್ದು ಬುಕ್ಕಾಂಬುಧಿಯ ಕೆರೆ ದಾಟಿ ಸ್ವಲ್ಪ ಮುಂದಕ್ಕೆ ಹೋದರೆ ಸಿಗುವ ಒಂದು ಸಣ್ಣ ಊರಿನಲ್ಲಿ. ಅಲ್ಲಿ ನಾನು ಹೊಸ ಪದ್ಧತಿಗೆ ನನ್ನದೇ ಒಂದು ತಿದ್ದುಪಡಿ ತಂದೆ. ಕತೆ ಹೇಳುತ್ತಾ ಹೋಗುವುದು, ಸರಿಯಾದ ಜಾಗದಲ್ಲಿ ನಿಲ್ಲಿಸುವುದು, ಮುಂದಿನ ಮಾತನ್ನು ಬೋರ್ಡಿನ ಮೇಲೆ ಬರೆಯುವುದು. ಯಾರಾದರೂ ಒಂದು ಮಗು ಎದ್ದು ಬಂದು ಅದನ್ನು ಓದಿದರೆ ಮಾತ್ರ ಕತೆ ಮುಂದಕ್ಕೆ. ಓದದಿದ್ದರೆ ರಾಜಕುಮಾರ ಬಾವಿಯಲ್ಲೇ, ಗುಬ್ಬಚ್ಚಿ ಮಳೆಯಲ್ಲೇ. ಈ ಪದ್ಧತಿಯ ಫಲ ಆಶ್ಚರ್ಯಕರವಾಗಿತ್ತು. ಬೋರ್ಡಿನ ಮೇಲೆ ಅಕ್ಷರ ಬಿದ್ದ ಕೂಡಲೇ ಒಂದಕ್ಕೆ ಹೋಗಬೇಕೆನ್ನುತ್ತಿದ್ದ ಮಕ್ಕಳು ಈಗ ಒಂದಕ್ಕೆ ಬಂದರೂ ತಡೆದುಕೊಂಡು ಕೂರತೊಡಗಿದರು.

ಆಕ್ಷೇಪಣೆ ಬಂದದ್ದು ಒಂದೇ ಕಡೆಯಿಂದ. ಒಂದನೇ ತರಗತಿಯ ಒಬ್ಬ ಹುಡುಗಿಯನ್ನು ಅವಳ ಅಜ್ಜಿ, ಅಂದರೆ ತಂದೆಯ ತಾಯಿ, ದಿನಾ ಗೇಟಿನ ತನಕ ಬಿಡಲು ಬರುತ್ತಿದ್ದರು. ಹಣೆ ತುಂಬ ವಿಭೂತಿ, ಬಾಯಿ ತುಂಬ ಎಲೆ ಅಡಿಕೆ. ಒಂದು ದಿನ ಅವರು ನನ್ನನ್ನು ಪಕ್ಕಕ್ಕೆ ಕರೆದು, ಹಗಲು ಹೊತ್ತು ಕತೆ ಹೇಳುವುದು ಬೇಡವೆಂದೂ ಬೇಕಿದ್ದರೆ ಸಂಜೆ ದೀಪ ಹಚ್ಚಿದ ಮೇಲೆ ಹೇಳಬಹುದೆಂದೂ ತಿಳಿಸಿದರು. ಸರ್ಕಾರದ ಶಾಲೆ ನಡೆಯುವುದು ಬೆಳಗ್ಗೆಯಿಂದ ಸಾಯಂಕಾಲದವರೆಗೆ, ಆ ಅವಧಿಯಲ್ಲಿ ಸೂರ್ಯ ಮುಳುಗುವಂತೆ ಆದೇಶ ಹೊರಡಿಸುವ ಅಧಿಕಾರ ನನಗಿಲ್ಲ ಎಂದು ನಾನು ಗಂಭೀರವಾಗಿ ಉತ್ತರ ಕೊಟ್ಟೆ. ಅವರು ನಗಲಿಲ್ಲ. ನನ್ನ ಮುಖವನ್ನು ಒಂದು ಸಲ ನೋಡಿ, ಸೆರಗು ಸರಿ ಮಾಡಿಕೊಂಡು ಹೊರಟುಹೋದರು.

ಆ ಹುಡುಗಿಯ ತಾಯಿ ಆಗ ತುಂಬಿದ ಬಸುರಿ. ತವರು ಸಿಂಗಟಗೆರೆ. ಹೆರಿಗೆಗೆ ಅಲ್ಲಿಗೆ ಕರೆದೊಯ್ಯಲು ಅವಳ ತಮ್ಮ ಬರುವವನಿದ್ದ. ಒಂದು ಬೆಳಗ್ಗೆ ಹುಡುಗಿ ತರಗತಿಗೆ ಬಂದವಳೇ, ಮಾವ ಇವತ್ತು ಮಧ್ಯಾಹ್ನ ಊಟಕ್ಕೆ ಬರುತ್ತಾನೆಂದೂ, ಬಸ್ಸಿನಲ್ಲಿ ಅಲ್ಲ ಹೊಸ ಬೈಕಿನಲ್ಲಿ ಬರುತ್ತಾನೆಂದೂ, ಅವ್ವನಿಗೆ ಹಸಿರು ಸೀರೆ, ತನಗೆ ಬಳೆ ತರುತ್ತಾನೆಂದೂ ಘೋಷಿಸಿದಳು. ಮೇಷ್ಟ್ರಾದವನು ಮಗುವಿನ ಮನೆಯ ಸಂಗತಿಯನ್ನು ಪಾಠಕ್ಕೆ ಬಳಸಿಕೊಳ್ಳಬೇಕು ಎಂದು ತರೀಕೆರೆಯಲ್ಲಿ ಹೇಳಿದ್ದರಲ್ಲ, ನಾನು ಬಳಸಿಕೊಂಡೆ. ಏಳು ಜನ ಅಣ್ಣಂದಿರು, ಒಬ್ಬಳೇ ತಂಗಿ. ಕೊನೆಯ ಅಣ್ಣ ತಂಗಿಯ ಮನೆಗೆ ಸೀರೆ ಬಳೆ ಹೊತ್ತುಕೊಂಡು ಕಾಡು ದಾಟಿ ಹೊರಡುತ್ತಾನೆ. ನಡುಗಾಡಿನಲ್ಲಿ ದಾರಿ ಎರಡಾಗಿ ಒಡೆಯುತ್ತದೆ. ಕವಲಿನಲ್ಲಿ ಒಂದು ಕಲ್ಲು, ಕಲ್ಲಿನ ಮೇಲೆ ಒಂದು ಮಾತು. ನಾನು ಬೋರ್ಡಿನ ಮೇಲೆ ‘ಬಲಗಡೆ’ ಎಂದು ಬರೆದು, ಬೇರೆ ಯಾರನ್ನೂ ಕರೆಯದೆ ಅವಳನ್ನೇ ಕರೆದೆ.

ಅವಳು ಬಂದಳು. ಬ ಎಂದಳು, ಲ ಎಂದಳು, ಗ ಎಂದಳು. ನಾಲ್ಕನೆಯ ಅಕ್ಷರದ ಹತ್ತಿರ ನಿಂತುಬಿಟ್ಟಳು. ಸೀಮೆಸುಣ್ಣದ ಧೂಳು ಹತ್ತಿದ ಬೆರಳನ್ನು ಬಾಯಿಗಿಟ್ಟುಕೊಂಡು ನಿಂತೇ ಇದ್ದಳು. ಹೇಳಿಕೊಡಬಾರದು, ಕಾಯಬೇಕು ಎಂಬುದು ಪದ್ಧತಿಯ ನಿಯಮ. ನಾನು ಕಾದೆ. ಊಟದ ಗಂಟೆ ಹೊಡೆಯಿತು. ಮಕ್ಕಳು ತಟ್ಟೆ ಎತ್ತಿಕೊಂಡು ಓಡಿದರು. ತಂಗಿಯ ಮನೆಗೆ ಹೊರಟ ಅಣ್ಣ ಕಾಡಿನ ಕವಲಿನಲ್ಲೇ ಉಳಿದ. ಊಟವಾದ ಮೇಲೆ ಲೆಕ್ಕದ ಪಾಠವಿದ್ದುದರಿಂದ ನಾನು ಅವನನ್ನು ಮರೆತೆ.

ಅವಳು ಮರೆತಿರಲಿಲ್ಲ. ಮಧ್ಯಾಹ್ನ ಮಾವನನ್ನು ನೋಡಲು ಮನೆಗೆ ಓಡಿದವಳು ಬಹಳ ಹೊತ್ತಿನ ಮೇಲೆ ಮರಳಿ ಬಂದು ಬಾಗಿಲ ಹೊರಗೇ ನಿಂತಳು. ಒಳಗೆ ಬಾ ಎಂದರೆ ತಲೆಯಾಡಿಸಿದಳು. ಬಿಸಿಯೂಟದ ಅಡುಗೆಯಾಕೆ ನನ್ನ ಹತ್ತಿರ ಬಂದು ವಿಷಯ ತಿಳಿಸಿದಳು. ಬೆಳಗ್ಗೆ ಸಿಂಗಟಗೆರೆ ಬಿಟ್ಟವನು ಇನ್ನೂ ಬಂದಿಲ್ಲ. ಫೋನು ಸ್ವಿಚ್ ಆಫ್. ಹುಡುಗಿಯ ತಂದೆ ಬೈಕು ತೆಗೆದುಕೊಂಡು ಕೆರೆ ಏರಿಯ ಕಡೆ ನೋಡಲು ಹೋಗಿದ್ದಾನೆ. ಕೆರೆ ಏರಿ ಎಂಬ ಮಾತು ಬಂದದ್ದೇ ತಡ, ನಾನು ಲೆಕ್ಕದ ಪುಸ್ತಕ ಮುಚ್ಚಿದೆ. ಆ ವರ್ಷ ಕೆರೆ ಕೋಡಿ ಬಿದ್ದಿತ್ತು. ಬಸ್ಸಿನ ಕಿಟಕಿಯಿಂದ ನಾನೇ ದಿನಾ ನೋಡುತ್ತಿದ್ದೆ. ನೀರು ಏರಿಯ ಕಲ್ಲಿಗೆ ಬಂದು ಮುಟ್ಟಿತ್ತು.

ತರಗತಿಯ ಕಡೆ ತಿರುಗಿದೆ. ಮಕ್ಕಳೆಲ್ಲ ನನ್ನನ್ನೇ ನೋಡುತ್ತಿದ್ದರು. ಅವರಿಗೆ ಸುದ್ದಿ ನನಗಿಂತ ಮೊದಲೇ ಮುಟ್ಟಿತ್ತು. ಒಬ್ಬಳು ಎರಡೂ ಕಿವಿಗೆ ಬೆರಳಿಟ್ಟುಕೊಂಡು ಕೂತಿದ್ದಳು; ನಾನು ಇನ್ನೇನಾದರೂ ಕತೆ ಹೇಳಿಬಿಟ್ಟರೆ ಅವಳ ಮಾವನ ಗತಿಯೇನು. ಇಷ್ಟು ವರ್ಷ ಮಕ್ಕಳು ಹೆದರುವಂತೆ ಮಾಡಬೇಕೆಂದು ಮೀಸೆ ಬೆಳೆಸಿ, ಬೆತ್ತ ಹಿಡಿದು, ಕಣ್ಣು ಕೆಂಪಗೆ ಮಾಡಿ ನಾನು ಪಟ್ಟ ಕಷ್ಟಕ್ಕೆ ಸಿಗದ ಫಲ ಅವತ್ತು ಕೈ ಕಟ್ಟಿಕೊಂಡು ನಿಂತಾಗ ಸಿಕ್ಕಿತು. ನನಗೆ ಅದು ಬೇಕಿರಲಿಲ್ಲ.

ಶಾಲೆ ಬಿಟ್ಟ ಮೇಲೆ ಹುಡುಗಿಯನ್ನು ನಾನೇ ಮನೆಗೆ ಕರೆದುಕೊಂಡು ಹೋದೆ. ಅವಳು ನನ್ನ ಕೈ ಹಿಡಿಯಲಿಲ್ಲ, ಎರಡು ಹೆಜ್ಜೆ ಹಿಂದೆ ಬಂದಳು. ಅವಳ ತಾಯಿ ಜಗಲಿಯ ಕಂಬಕ್ಕೆ ಒರಗಿ ಕೂತು ಫೋನನ್ನು ಕಿವಿಗಿಡುವುದು, ತೆಗೆಯುವುದು ಮಾಡುತ್ತಿದ್ದಳು. ತಂದೆ ಏರಿಯ ಮೇಲೆ ಏನೂ ಕಾಣದೆ ವಾಪಸು ಬಂದು, ಈಗ ಅಜ್ಜಂಪುರದ ರಸ್ತೆ ಹಿಡಿದಿದ್ದನಂತೆ. ಅಜ್ಜಿ ನನಗೆ ಚಾಪೆ ಹಾಸಿದರು, ಚೊಂಬಿನಲ್ಲಿ ನೀರು ಕೊಟ್ಟರು. ಅವರು ಬೈದಿದ್ದರೆ ನಾನು ವಿಜ್ಞಾನದ ನಾಲ್ಕು ಮಾತು ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ. ಬೈಯಲಿಲ್ಲವಾದ್ದರಿಂದ ಚೊಂಬಿನ ನೀರನ್ನು ಪೂರ್ತಿ ಕುಡಿದೆ.

ಹುಡುಗಿ ಕಡೆಗೂ ಬಾಯಿ ಬಿಟ್ಟಳು.

“ಸಾ, ಅವ್ನು ಅಲ್ಲೇ ನಿಂತವ್ನೆ. ನಾನು ಓದ್ಲಿಲ್ಲವಲ್ಲ, ಅದ್ಕೆ.”

ಯಾರು ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಕತೆಯ ಅಣ್ಣ, ಅವಳ ಮಾವ ಇಬ್ಬರೂ ಅವಳಿಗೆ ಒಬ್ಬನೇ ಆಗಿಹೋಗಿದ್ದರು. ಈಗ ಓದ್ತೀನಿ, ಕತೆ ಮುಗಿಸಿ ಎಂದು ಹಟ ಹಿಡಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ ಕೈ ಅಡ್ಡ ಮಾಡಿದರು.

“ಹೊತ್ತು ಮುಳುಗ್ಲಿ ಮೇಷ್ಟ್ರೇ. ಒಂದ್ಸಲ ಆಗಿದ್ದು ಸಾಕು.”

ನನ್ನ ಕೊನೆಯ ಬಸ್ಸು ಊರ ಮುಂದೆ ಹಾರ್ನ್ ಹೊಡೆದು ಹೋಯಿತು. ನಾನು ಚಾಪೆಯ ಮೇಲೆ ಕೂತು ಸೂರ್ಯನನ್ನು ನೋಡುತ್ತಿದ್ದೆ. ಅವನನ್ನು ಮುಳುಗಿಸುವ ಅಧಿಕಾರ ಇಲ್ಲವೆಂದು ಜಂಬ ಕೊಚ್ಚಿದವನು ಈಗ ಮನಸ್ಸಿನಲ್ಲೇ ಅವನಿಗೆ ಅರ್ಜಿ ಬರೆಯುತ್ತಿದ್ದೆ. ಕೂತಲ್ಲೇ ಎರಡು ಭಯ ಹುಟ್ಟಿದವು. ಒಂದು, ಅವಳ ಮಾವನಿಗೆ ಏನಾಗಿದೆಯೋ ಎಂಬುದು. ಅದನ್ನು ನೆನೆದರೆ ಕಣ್ಣ ಮುಂದೆ ಕೆರೆಯ ನೀರೇ ಬರುತ್ತಿತ್ತು. ಇನ್ನೊಂದು ಭಯ ಇನ್ನೂ ನಾಚಿಕೆಗೇಡಿನದು. ಕತೆಯೊಳಗಿನ ಅಣ್ಣ ತಂಗಿಯ ಮನೆ ಸೇರಿ, ಇವಳ ಮಾವ ಬರದೇ ಹೋದರೆ? ಅಕ್ಷರ ಓದಿದರೆ ದಾರಿ ತೆರೆಯುತ್ತದೆ ಎಂದು ಇವಳಿಗೆ ಕಲಿಸಿದವನು ನಾನು. ಇವತ್ತು ಓದಿಯೂ ದಾರಿ ತೆರೆಯದಿದ್ದರೆ ಈ ಮಗು ಮತ್ತೆ ಬೋರ್ಡಿನ ಕಡೆ ಮುಖ ಮಾಡುತ್ತದೆಯೇ? ಇದರ ಮಧ್ಯೆ ಇನ್ನೊಂದು ಸಂಗತಿ ಹೊಳೆಯಿತು. ನನ್ನ ಕೊನೆಯ ತಂಗಿ ಕಡೂರಿನಲ್ಲಿದ್ದಾಳೆ. ಅವಳ ಮಗ ಒಂದನೇ ತರಗತಿ. ಅಂದರೆ ನಾನೂ ಒಬ್ಬ ಸೋದರಮಾವ.

ಅಜ್ಜಿ ದೇವರ ಮುಂದೆ ದೀಪ ಹಚ್ಚಿದರು. ಇನ್ನು ಹೇಳಿ ಎಂಬಂತೆ ನನ್ನ ಕಡೆ ನೋಡಿದರು. ಜೇಬಿನಲ್ಲಿದ್ದ ಸೀಮೆಸುಣ್ಣ ತೆಗೆದು ನೆಲದ ಮೇಲೆ ‘ಬಲಗಡೆ’ ಎಂದು ಬರೆದೆ. ಹುಡುಗಿ ಬಗ್ಗಿ, ಪ್ರತಿ ಅಕ್ಷರವನ್ನೂ ಬೆರಳಿನಿಂದ ಮುಟ್ಟಿದಳು. ನಾಲ್ಕನೆಯದರ ಹತ್ತಿರ ಮತ್ತೆ ನಿಂತಳು. ನಿಯಮವನ್ನು ಕೆರೆಗೆ ಹಾಕಿ ಹೇಳಿಕೊಟ್ಟುಬಿಡೋಣ ಎನ್ನುವಷ್ಟರಲ್ಲಿ, “ಬಲಗಡೆ” ಎಂದಳು. ಗಟ್ಟಿಯಾಗಿ ಅಲ್ಲ, ಯಾರಿಗೋ ದಾರಿ ತೋರಿಸುವವಳ ಹಾಗೆ.

ಅಣ್ಣ ಬಲಕ್ಕೆ ತಿರುಗಿದ. ಅಲ್ಲಿಂದ ಅವನನ್ನು ನಾನು ನಡೆಸಿದ ಪಾಡು ಯಾವ ಅಣ್ಣನಿಗೂ ಬೇಡ. ಹಳ್ಳ ದಾಟಿಸಿದೆ, ಬೆಟ್ಟ ಹತ್ತಿಸಿದೆ, ಮರದ ಕೆಳಗೆ ಬುತ್ತಿ ಬಿಚ್ಚಿಸಿದೆ, ಇರುವೆಗಳಿಗೆ ಅನ್ನ ಹಾಕಿಸಿದೆ, ಸಾಲದ್ದಕ್ಕೆ ಒಂದು ಮುದಿ ಹುಲಿಯ ಜೊತೆ ಮಾತಿಗೆ ಕೂರಿಸಿದೆ. ಮನೆಯ ಬಾಗಿಲಿಗೆ ತರುವ ಧೈರ್ಯ ಮಾತ್ರ ಬರಲಿಲ್ಲ. ಕಂಬಕ್ಕೆ ಒರಗಿದ್ದ ಬಸುರಿಯೂ ಫೋನು ಮಡಿಲಲ್ಲಿಟ್ಟುಕೊಂಡು ಕೇಳುತ್ತಿದ್ದಳು. ಕಡೆಗೆ ಅವಳೇ ಅಂದಳು:

“ಸಾಕು ಸಾ. ಬರ್ಲಿ ಬಿಡಿ ಅವ್ನು.”

ತಂದೆ ತಾಯಿ ನೆನೆದು ಅಣ್ಣನನ್ನು ತಂಗಿಯ ಹೊಸ್ತಿಲಿಗೆ ತಂದು ನಿಲ್ಲಿಸಿದೆ. ಕತೆ ಮುಗಿಯಿತು. ಎಲ್ಲರೂ ಬಾಗಿಲ ಕಡೆ ನೋಡಿದೆವು. ನಾನೂ ನೋಡಿದೆ, ಪದವಿ ಪಡೆದ ನಾನು, ಉಸಿರು ಬಿಗಿಹಿಡಿದು ನೋಡಿದೆ. ಬಾಗಿಲಲ್ಲಿ ಯಾರೂ ಇರಲಿಲ್ಲ. ಹಿತ್ತಲಲ್ಲಿ ಎಮ್ಮೆ ಒಂದು ಸಲ ಕೂಗಿತು. ಅಷ್ಟು ಖಾಲಿಯಾದ ಬಾಗಿಲನ್ನು ನಾನು ಇವತ್ತಿನವರೆಗೆ ಮತ್ತೊಂದು ಕಂಡಿಲ್ಲ.

ಹುಡುಗಿ ಅಳುತ್ತಾಳೆಂದುಕೊಂಡೆ. ಅಳಲಿಲ್ಲ. ನನ್ನ ಕೈಯಿಂದ ಸೀಮೆಸುಣ್ಣ ಕಿತ್ತುಕೊಂಡಳು.

“ನಾವು ಇಲ್ಲಿ ಬರ್ದಿದೀವಿ. ಅವ್ನಿಗೆ ಹೆಂಗೆ ಕಾಣ್ತದೆ?”

ಹೇಳಿದವಳೇ ಹೊರಗೆ ಓಡಿದಳು. ನಾನು ಮೊಬೈಲಿನ ಬೆಳಕು ಬಿಟ್ಟುಕೊಂಡು ಹಿಂದೆ ಓಡಿದೆ. ಊರ ಹೊರಗೆ ರಸ್ತೆ ಎರಡಾಗುವ ಕಡೆ ಒಂದು ಮೋರಿ. ಹೊರಗಿನಿಂದ ಬರುವವರಿಗೆ ಎಡಕ್ಕೆ ಹೋದರೆ ಕೆರೆ ಹಿನ್ನೀರಿನ ಗದ್ದೆಗಳು, ಬಲಕ್ಕೆ ತಿರುಗಿದರೆ ಊರು. ಮೋರಿಯ ಕಟ್ಟೆಯ ಮೇಲೆ ಅವಳು ಬರೆಯತೊಡಗಿದಳು. ನಾನು ಬೆಳಕು ಹಿಡಿದೆ. ಒಂದೊಂದು ಅಕ್ಷರವೂ ಕುಂಬಳಕಾಯಿ ಗಾತ್ರ, ಕೊನೆಯದಕ್ಕೆ ಜಾಗ ಸಾಲದೆ ಅದು ಕಟ್ಟೆಯ ಅಂಚಿಗೆ ನೇತುಬಿದ್ದಿತ್ತು. ಅವಳು ನೋಡಿ ಬರೆಯಲಿಲ್ಲ. ನೋಡಲು ಅಲ್ಲಿ ಏನೂ ಇರಲಿಲ್ಲ.

ಮನೆಗೆ ಮರಳಿ ಅಜ್ಜಿ ಬಡಿಸಿದ ರಾಗಿಮುದ್ದೆಯನ್ನು ನಾನು ಮುರಿಯುತ್ತಾ ಕೂತಿದ್ದಾಗ ಹೊರಗೆ ಬೈಕಿನ ಸದ್ದಾಯಿತು. ತಂದೆ ಎಂದುಕೊಂಡೆವು. ಬಂದವನು ಮಾವ. ಮೊಣಕಾಲವರೆಗೆ ಕೆಸರು, ಕೈಯಲ್ಲಿ ಸೀರೆಯ ಕವರು, ಮುಖದಲ್ಲಿ ಹುಟ್ಟಿದ ಜಿಲ್ಲೆಯಲ್ಲೇ ಕಳೆದುಹೋದವನ ಅವಮಾನ. ಅಕ್ಕ ಎದ್ದು ನಿಂತವಳು ಮತ್ತೆ ಕೂತಳು. ಹುಡುಗಿ ಅವನ ಕೆಸರು ಕಾಲನ್ನು ತಬ್ಬಿಕೊಂಡಳು.

ಅವನು ಹೇಳಿದ್ದಿಷ್ಟು. ಯಾವಾಗಲೂ ಕಡೂರು ಬಳಸಿ ಬಸ್ಸಿನಲ್ಲಿ ಬರುತ್ತಿದ್ದವನು, ಹೊಸ ಬೈಕಿನ ಹುರುಪಿಗೆ ಒಳದಾರಿ ಹಿಡಿದಿದ್ದಾನೆ. ಫೋನಿನ ನಕ್ಷೆ ತೋರಿಸಿದ ಹತ್ತಿರದ ರಸ್ತೆ ನೇರ ಹಿನ್ನೀರಿಗೆ ಇಳಿದಿದೆ. ಬೈಕು ಕೆಸರಿನಲ್ಲಿ ಹೂತಿದೆ. ಎಳೆದು ತೆಗೆಯುವ ಹೊತ್ತಿಗೆ ಫೋನು ಸತ್ತಿದೆ. ಆಮೇಲೆ ಕೇಳಿದವರೆಲ್ಲ ಒಂದೊಂದು ದಿಕ್ಕು ತೋರಿಸಿದ್ದರಿಂದ, ಹೋದ ದಾರಿಗೇ ಮತ್ತೆ ಮತ್ತೆ ಬಂದಿದ್ದಾನೆ. ಎಲ್ಲವನ್ನೂ ಕೇಳಿಸಿಕೊಂಡ ಅಜ್ಜಿ ಒಂದೇ ಪ್ರಶ್ನೆ ಕೇಳಿದರು.

“ದಾರಿ ತಪ್ಪಿದ್ದು ಯಾವೊತ್ತಿನಾಗಪ್ಪಾ?”

“ಊಟದೊತ್ತಿಗೆ ಸ್ವಲ್ಪ ಮುಂಚೆ ಇರ್ಬೇಕು ಕಣಮ್ಮ.”

ಅಜ್ಜಿ ನನ್ನ ಕಡೆ ತಿರುಗಲಿಲ್ಲ. ತಿರುಗಬೇಕಾದ ಅಗತ್ಯವಿರಲಿಲ್ಲ. ನಾನು ತಲೆ ತಗ್ಗಿಸಿ ಮುದ್ದೆಯನ್ನೇ ನೋಡುತ್ತಿದ್ದೆ.

ಅಕ್ಕ ಗಂಡನಿಗೆ ಫೋನು ಮಾಡಿ ವಾಪಸು ಕರೆದಳು. ಕೈಕಾಲು ತೊಳೆದು ಊಟಕ್ಕೆ ಕೂತಾಗ ಮಾವ ಇನ್ನೊಂದು ಮಾತು ಸೇರಿಸಿದ. ಕಡೆಗೆ ಮೋರಿಯ ಹತ್ತಿರ ಬಂದಾಗಲೂ ಎಡಕ್ಕೇ ತಿರುಗಿಸಿಬಿಡುತ್ತಿದ್ದನಂತೆ, ಅಷ್ಟರಲ್ಲಿ ಬೈಕಿನ ಬೆಳಕಿಗೆ ಬರಹ ಕಂಡಿತಂತೆ. “ಪಂಚಾಯ್ತಿಯೋರು ಕೊನೆಗೂ ಬರೆಸವ್ರೆ ಕಣಕ್ಕ,” ಎಂದ. “ಬರ್ದೋನು ಕುಡ್ದಿದ್ದ ಅಂತ ಕಾಣ್ತದೆ.”

ಹುಡುಗಿ ಹೊಸ ಬಳೆಯ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಳು. ಬೆರಳಿನ ತುಂಬ ಸುಣ್ಣವಿತ್ತು.

ಮಾರನೆಯ ದಿನ ಅಜ್ಜಿ ಗೇಟಿಗೆ ಬಂದಾಗ ಅವರ ಕೈಯಲ್ಲಿ ಒಂದು ಹಣತೆ, ಸಣ್ಣ ಬಾಟಲಿಯಲ್ಲಿ ಎಣ್ಣೆ ಇತ್ತು. ಕಿಟಕಿ ಬಾಗಿಲು ಹಾಕಿ, ದೀಪ ಹಚ್ಚಿ ಹೇಳಿದರೆ ಅಷ್ಟು ದೋಷವಿಲ್ಲ ಎಂದು ತೀರ್ಪು ಕೊಟ್ಟರು. ಸೂರ್ಯನಿಗೆ ಮೋಸ ಮಾಡಿದಂತಾಗುವುದಿಲ್ಲವೇ ಎಂದು ಕೇಳುವ ನಾಲಿಗೆ ನನ್ನಲ್ಲಿ ಉಳಿದಿರಲಿಲ್ಲ. ಅಂದಿನಿಂದ ನನ್ನ ತರಗತಿಯಲ್ಲಿ ಕತೆ ನಡೆಯುವುದು ಕಿಟಕಿ ಮುಚ್ಚಿ, ಹಣತೆಯ ಬೆಳಕಿನಲ್ಲಿ. ತಪಾಸಣೆಗೆ ಬಂದವರೊಬ್ಬರು ಇದೇನು ಎಂದು ಕೇಳಿದಾಗ ಏಕಾಗ್ರತೆಗೆ ಎಂದೆ. ಅವರು ಮೆಚ್ಚಿಕೊಂಡು ಬರೆದುಕೊಂಡು ಹೋದರು. ದೀಪ ಹಚ್ಚುವ ಮೊದಲು ನಾನು ಇನ್ನೊಂದು ಹಾಜರಿ ತೆಗೆದುಕೊಳ್ಳುತ್ತೇನೆ: ಇವತ್ತು ಯಾರ ಮಾವ ದಾರಿಯ ಮೇಲಿದ್ದಾನೆ? ಒಂದು ಕೈ ಎದ್ದರೂ ಸಾಕು, ಅಂದು ಲೆಕ್ಕದ ಪಾಠ.

ಇನ್ನು ನನ್ನ ವಿಷಯ. ಕಡೂರಿನ ತಂಗಿಗೆ ಫೋನು ಮಾಡಿ, ಮಗನ ಶಾಲೆಯಲ್ಲಿ ಹಗಲು ಕತೆ ಹೇಳುತ್ತಾರೆಯೇ ಎಂದು ವಿಚಾರಿಸಿದೆ. ಹೇಳ್ತಾರಣ್ಣ, ದಿನಾ ಹೇಳ್ತಾರೆ, ಮಿಸ್ಸು ತುಂಬ ಒಳ್ಳೆಯವರು ಎಂದು ಅವಳು ಸಂತೋಷದಿಂದ ಹೇಳಿದಳು. ಅವತ್ತಿನಿಂದ ಬೆಳಗಿನ ಬಸ್ಸಿನಲ್ಲಿ ನಾನು ನಿದ್ದೆ ಮಾಡುವುದಿಲ್ಲ. ಇಷ್ಟು ವರ್ಷ ಓಡಾಡಿದ ದಾರಿಯೇ ಆದರೂ ಕಿಟಕಿಗೆ ಮುಖ ಒತ್ತಿ, ಕೆರೆ ಬರುವ ತನಕ ಪ್ರತಿ ಊರಿನ ಬೋರ್ಡನ್ನೂ ಒಂದೊಂದೇ ಅಕ್ಷರ ಕೂಡಿಸಿ ಓದಿಕೊಳ್ಳುತ್ತೇನೆ.